ಮೆಣಸಿನಕಾಯಿ ಉರಿಗೆ ಗಾಯ ಎಲ್ಲಿದೆ?

ಮಾಘ ಮುಗಿಯುವ ಹೊತ್ತಿಗೆ ನೀಲಗುಂದದ ಹಿತ್ತಲುಗಳೆಲ್ಲ ಕೆಂಪಾಗುತ್ತವೆ. ವರ್ಷದ ಖಾರಕ್ಕೆಂದು ತಂದ ಮೆಣಸಿನಕಾಯಿ ಬಿಸಿಲಿಗೆ ಬೀಳುವ ಕಾಲ ಅದು. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಎರಡೂ ಹದವಾಗಿ ಬೆರೆತರೇ ನಮ್ಮ ಕಡೆಯ ರೊಟ್ಟಿಗೆ ಒಪ್ಪುವ ಖಾರಪುಡಿ. ಅಂಥದೊಂದು ಬೆಳಿಗ್ಗೆ ನಾನು ಬೇಲಿಯ ಈ ಕಡೆ ನುಗ್ಗೆಸೊಪ್ಪು ಬಿಡಿಸುತ್ತಿದ್ದೆ. ಆ ಕಡೆ ಚಿಗವ್ವ ಗೋಣಿತಾಟು ಹಾಸಿ, ಕಾಲು ಚಾಚಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಕಾಯಿ ಬಲಕ್ಕೆ, ತೊಟ್ಟು ಎಡಕ್ಕೆ, ನಡುನಡುವೆ ಒಂದು ಸೀನು.

ಆಕೆ ನನಗೆ ರಕ್ತಸಂಬಂಧದ ಚಿಗವ್ವ ಅಲ್ಲ. ಆದರೆ ಇಪ್ಪತ್ತೈದು ವರ್ಷ ಒಂದೇ ಬೇಲಿಗೆ ಬಟ್ಟೆ ಒಣಹಾಕಿದವರು ಬೇರೆ ಸಂಬಂಧ ಹುಡುಕಬೇಕಾಗಿಲ್ಲ. ನಾನು ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು, ಹಾಗಾಗಿ ಊರಿಗೆಲ್ಲ ಇದ್ದಂತೆ ಆಕೆಗೂ ನಾನು ಅಕ್ಕೋರು.

“ಅಕ್ಕೋರ, ಕೈ ನೋಡ್ರಿ, ಕೆಂಡ ಹಿಡಿದಂಗ ಆಗೈತಿ” ಎಂದು ಎರಡೂ ಅಂಗೈಯನ್ನು ಬೇಲಿಯ ಮೇಲಿಂದ ಚಾಚಿದಳು. ನೋಡಿದೆ. ಗುಳ್ಳೆ ಇಲ್ಲ, ಗೀರು ಇಲ್ಲ, ದುಡಿದು ದಡ್ಡುಗಟ್ಟಿದ ಎಂದಿನ ಅಂಗೈ. “ಕೊಬ್ಬರಿ ಎಣ್ಣಿ ಹಚ್ಚಿ ತಿಕ್ಕು” ಅಂದೆ. ಎಣ್ಣೆಗೆಂದು ಏಳಲು ಹೋದವಳು ಬೇಲಿಗೂಟ ಹಿಡಿದು ಅರ್ಧಕ್ಕೇ ನಿಂತಳು. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಸೊಂಟದ ಮೇಲೆ ಕೈಯಿಟ್ಟು ಮೆಲ್ಲಗೆ ನೆಟ್ಟಗಾದಳು.

“ಕೈ ಉರಿಗೆ ಎಣ್ಣಿ ಐತಿ. ಈ ಸೊಂಟಕ್ಕ ಏನೈತ್ರಿ? ಮೊದಲ ಫೋಟೋ ತೆಗಿಸಿದಾಗ ಏನೂ ಇಲ್ಲ ಅಂದ್ರು. ಮನ್ಯಾಗ ಎಲ್ರೂ, ಬರೇ ಮನಸಿನ ಬ್ಯಾನಿ ನಿಂದು ಅಂದ್ರು. ಆಮ್ಯಾಲ ಎಮ್ಮಾರೈ ಮಾಡಿಸಿದ್ರ ಎಲುಬು ಸವದಾವು, ಬಗ್ಗಬ್ಯಾಡ, ಏಳಬ್ಯಾಡ ಅಂದ್ರು. ಎರಡರಾಗ ಯಾವ್ದು ಖರೇ?”

ಬಿಡಿಸುತ್ತಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ಈ ಪ್ರಶ್ನೆಯನ್ನು ನಾನೂ ಹಲವು ವರ್ಷ ಕೇಳಿಕೊಂಡವಳು. ನನ್ನ ಮಗಳು ಫಿಸಿಯೋಥೆರಪಿ ಓದುವಾಗ ಆಕೆಯ ಪುಸ್ತಕ, ಲೇಖನಗಳನ್ನು ಪಕ್ಕದಲ್ಲಿ ಕೂತು ಓದಿಸಿಕೊಂಡಿದ್ದೂ ಇದಕ್ಕಾಗಿಯೇ. ಅವತ್ತು ಬಿಸಿಲು ನೆತ್ತಿಗೆ ಬರುವವರೆಗೆ ನಾವಿಬ್ಬರೂ ಬೇಲಿ ಬಿಟ್ಟು ಕದಲಲಿಲ್ಲ. ಆ ಮಾತನ್ನೇ ನಿಮಗೂ ಹೇಳುತ್ತೇನೆ.

“ಚಿಗವ್ವ, ನಿನ್ನ ಅಂಗೈ ಸುಟ್ಟೈತೇನು?”

“ಇಲ್ಲ.”

“ಗಾಯ ಆಗೈತೇನು?”

“ಇಲ್ಲ.”

“ಉರಿ ಐತೋ ಇಲ್ಲೋ?”

“ಇಲ್ಲ ಅಂದ್ರ ದೇವರು ಮೆಚ್ತಾನೇನ್ರಿ? ಪ್ರಾಣ ಹೋಗಂಗ ಐತಿ.”

ಇಷ್ಟೇ ನೋಡಿ. ಗಾಯ ಇಲ್ಲ, ಉರಿ ಇದೆ, ಉರಿ ಸುಳ್ಳಲ್ಲ. ನಮ್ಮ ಹೆಣ್ಣುಮಕ್ಕಳು ತಲೆಮಾರುಗಳಿಂದ ಅಂಗೈಯಲ್ಲಿ ಹಿಡಿದುಕೊಂಡು ಬಂದ ಈ ಸಂಗತಿಯ ಬೆನ್ನು ಹತ್ತಿದ ವಿಜ್ಞಾನಿಗೆ ನೊಬೆಲ್ ಬಂದಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಡೇವಿಡ್ ಜೂಲಿಯಸ್ ಮೆಣಸಿನಕಾಯಿಯ ಖಾರದ ಸತ್ವವಾದ ಕ್ಯಾಪ್ಸೈಸಿನ್ ಇಟ್ಟುಕೊಂಡು ಹುಡುಕಿದರು: ಇದು ನರದ ಯಾವ ಬಾಗಿಲು ತಟ್ಟುತ್ತದೆ? 1997ರಲ್ಲಿ ಉತ್ತರ ಸಿಕ್ಕಿತು. ನರದ ತುದಿಯಲ್ಲಿ ಒಂದು ಪುಟ್ಟ ಬಾಗಿಲಿದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಗುಲಿದರೆ ಅದು ತೆರೆಯುತ್ತದೆ, ಮೆಣಸಿನಕಾಯಿಯ ಖಾರ ತಗುಲಿದರೂ ಅದೇ ಬಾಗಿಲು ತೆರೆಯುತ್ತದೆ. ನರ ಮಿದುಳಿಗೆ ಕಳಿಸುವ ಸುದ್ದಿ ಒಂದೇ: ಬೆಂಕಿ! ಸ್ಪರ್ಶ, ಒತ್ತಡಗಳ ಬಾಗಿಲು ಹುಡುಕಿದ ಆರ್ಡೆಮ್ ಪಟಪೂಟಿಯನ್ ಜೊತೆಗೆ ಜೂಲಿಯಸ್ ಅವರಿಗೆ 2021ರ ನೊಬೆಲ್ ಸಂದಿತು.

“ಮೆಣಸಿನಕಾಯಿಗೆ ನೊಬೆಲ್ಲಾ!” ಎಂದು ಚಿಗವ್ವ ಕೈಯಲ್ಲಿದ್ದ ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅದೇ ಖಾರದ ಸತ್ವವನ್ನು ಅಳತೆ ಮಾಡಿ ಮುಲಾಮಿನಲ್ಲಿ, ಪಟ್ಟಿಯಲ್ಲಿ ಸೇರಿಸಿ ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನರದ ಉರಿಗೆ ಕೊಡುತ್ತಾರೆ. ಮೊದಲು ಉರಿಸಿ, ಆಮೇಲೆ ಅದು ಆ ನರವನ್ನೇ ತಣ್ಣಗಾಗಿಸುತ್ತದೆ. ಹಾಗೆಂದು ಮನೆಯ ಖಾರಪುಡಿ ಹಚ್ಚಿಕೊಳ್ಳಬಾರದು, ಚರ್ಮ ಕೆಡುತ್ತದೆ. ಇದನ್ನು ಆಕೆಗೆ ಎರಡು ಸಲ ಹೇಳಿದೆ.

ಮಾತು ಅಲ್ಲಿಂದ 2006ಕ್ಕೆ ಹೋಯಿತು. ನಮ್ಮ ಕಡೆ ನೋವಿನ ಮಾತು ಎತ್ತಿದರೆ ಆ ವರ್ಷ ಬಾರದೆ ಇರುವುದಿಲ್ಲ. ಆಗ ನಮ್ಮ ಹರಪನಹಳ್ಳಿ ತಾಲ್ಲೂಕಿನಲ್ಲಿ ಚಿಕುನ್‌ಗುನ್ಯಾ ಒಂದು ಮನೆಗೆ ಬಂದು ಓಣಿಯನ್ನೆಲ್ಲ ಮಲಗಿಸಿತು. ಆ ವರ್ಷ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ಶಂಕಿತ ಪ್ರಕರಣಗಳು ಸುಮಾರು 13.9 ಲಕ್ಷ, ಅದರಲ್ಲಿ 7.5 ಲಕ್ಷದಷ್ಟು ನಮ್ಮ ಕರ್ನಾಟಕದವೇ. ಹೆಸರಿನಲ್ಲಿ ‘ಚಿಕನ್’ ಕೇಳಿಸಿತೆಂದು ಜನ ಕೋಳಿ ತಿನ್ನುವುದನ್ನೇ ಬಿಟ್ಟಿದ್ದರು. ಆದರೆ ಆ ಹೆಸರು ಬಂದದ್ದು ಆಫ್ರಿಕಾದ ಮಕೊಂಡೆ ಜನರ ನುಡಿಯಿಂದ. 1952ರಲ್ಲಿ ಈಗಿನ ತಾಂಜಾನಿಯಾದಲ್ಲಿ ಈ ಜ್ವರ ಹಬ್ಬಿದಾಗ, ನೋವಿಗೆ ಮೈ ಬಾಗಿ ನಡೆಯುವವರನ್ನು ಕಂಡು ಅವರು ಇಟ್ಟ ಹೆಸರು ಅದು. ಬಾಗಿಸುವುದು, ಮಡಿಸುವುದು ಎಂಬ ಅರ್ಥದ ಮಾತು. ರೋಗ ತಂದದ್ದು ಹಗಲು ಕಚ್ಚುವ ಈಡಿಸ್ ಸೊಳ್ಳೆ. ನಲ್ಲಿಯಲ್ಲಿ ನೀರು ದಿನಬಿಟ್ಟು ದಿನ ಬರುವ ಊರಿನಲ್ಲಿ ಡ್ರಮ್ಮು, ತೊಟ್ಟಿಗಳಲ್ಲಿ ನಾವು ತುಂಬಿಡುವ ಚೊಕ್ಕ ನೀರೇ ಅದರ ತೊಟ್ಟಿಲು.

“ನಾನು ಬಚ್ಚಲಿಗೆ ಅಂಬೆಗಾಲಿಟ್ಟು ಹೋಗಿನ್ರಿ. ಸೊಸಿ ಒಂದು ಮೂಲ್ಯಾಗ, ನಾನೊಂದು ಮೂಲ್ಯಾಗ. ಎಮ್ಮಿ ಹಿಂಡಾಕ ಮುಷ್ಟಿ ಮಡಚಾಕ ಬರಲಿಲ್ಲ” ಎಂದಳು ಚಿಗವ್ವ. ನನಗೆ ನೆನಪಿರುವುದು ಸೀಮೆಸುಣ್ಣ. ಜ್ವರ ಬಿಟ್ಟು ಶಾಲೆಗೆ ಹೋದ ದಿನ ಹಲಗೆಯ ಮೇಲೆ ತಾರೀಖು ಬರೆಯಲು ಹೋದೆ. ಮೂರು ಬೆರಳು ಸೇರಿ ಸೀಮೆಸುಣ್ಣ ಹಿಡಿಯಲಿಲ್ಲ, ಅದು ನೆಲಕ್ಕೆ ಬಿದ್ದು ಎರಡು ತುಂಡಾಯಿತು. ಮುಂದಿನ ಬೆಂಚಿನ ಹುಡುಗಿ ಎದ್ದು ಬಂದು ತಾನೇ ತಾರೀಖು ಬರೆದಳು. ಆಮೇಲೆ ಎರಡು ವರ್ಷ ಬೆಳಗಿನ ಹೊತ್ತು ನನ್ನ ಮಣಿಕಟ್ಟು ನನ್ನ ಮಾತು ಕೇಳಲಿಲ್ಲ.

ಜ್ವರ ನಾಲ್ಕೈದು ದಿನದ್ದು, ನೋವು ಮಾತ್ರ ವರ್ಷಗಟ್ಟಲೆ. ಇದು ನಮ್ಮ ಓಣಿಯ ಕಥೆ ಮಾತ್ರ ಅಲ್ಲ. ಅದೇ ಹೊತ್ತಿಗೆ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಮೂರರಲ್ಲಿ ಒಬ್ಬರಿಗೆ ಈ ರೋಗ ತಗುಲಿತ್ತು. ಸುಮಾರು 18 ತಿಂಗಳ ಮೇಲೆ ಅಲ್ಲಿನವರನ್ನು ವಿಚಾರಿಸಿದಾಗ, ರೋಗ ತಗುಲಿದವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನ ಇನ್ನೂ ಕೀಲು, ಮಾಂಸಖಂಡಗಳ ನೋವು ಹೇಳಿಕೊಂಡರು. ಮೂರು ತಿಂಗಳು ದಾಟಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಹೊಸ ಪಟ್ಟಿ 2022ರ ಜನವರಿಯಿಂದ ಜಾರಿಗೆ ಬಂದಿದೆ. ಅದರಲ್ಲಿ ಇಂಥ ನೋವಿಗೆ ಅದರದೇ ಆದ ಜಾಗವಿದೆ. ಇನ್ನೊಂದು ರೋಗದ ಬಾಲವೆಂದು ಕಂಡಿದ್ದ ನೋವು ಈಗ ತಾನೇ ಒಂದು ರೋಗವೂ ಆಗಿರಬಲ್ಲದು ಎಂದು ಲೋಕ ಒಪ್ಪಿದೆ.

ಜ್ವರ ಹೋದ ಮೇಲೆ ನೋವು ಯಾಕೆ ಉಳಿಯುತ್ತದೆ? ಕೆಲವರಲ್ಲಿ ಕೀಲಿನ ಊತ ಆರಿರುವುದಿಲ್ಲ, ಅದಕ್ಕೆ ಔಷಧ ಬೇಕು. ಇನ್ನು ಕೆಲವರಲ್ಲಿ ಊತ ಆರಿದ ಮೇಲೂ ನೋವು ನಿಲ್ಲುವುದಿಲ್ಲ. ಅದನ್ನು ಚಿಗವ್ವನಿಗೆ ಹೀಗೆ ಹೇಳಿದೆ:

“ಗೋವಿನಜೋಳ ಹಾಲುದುಂಬಿದಾಗ ಹೊಲ ಕಾಯಾಕ ಮಂಚಿಕಿ ಹತ್ತಿ ಕುಂದ್ರೋದಿಲ್ಲೇನು? ಒಂದು ರಾತ್ರಿ ಕಾಡಂದಿ ನುಗ್ಗಿ ಅರ್ಧ ಹೊಲ ತುಳದು ಹೋದ್ವು ಅನ್ಕೋ. ಮರುದಿನದಿಂದ ಕಾಯೋನಿಗೆ ನಿದ್ದಿ ಹತ್ತೈತೇನು? ಗಾಳಿಗೆ ಗರಿ ಅಲ್ಲಾಡಿದ್ರೂ ಹೋ ಅಂತ ಕೂಗ್ತಾನ, ಇಲಿ ಓಡಿದ್ರೂ ಡಬ್ಬಿ ಬಡಿತಾನ. ಹಂದಿ ಆ ಸೀಮಿ ಬಿಟ್ಟು ಹೋಗಿ ತಿಂಗಳಾದ್ರೂ ಆತನ ಕೂಗು ನಿಲ್ಲಂಗಿಲ್ಲ. ಆತ ಸುಳ್ಳು ಕೂಗಾಕತ್ತಾನೇನು?”

“ಪಾಪ, ಹೊಲದ ಮ್ಯಾಗಿನ ಕಕ್ಕುಲಾತಿಗೆ ಕೂಗ್ತಾನ” ಎಂದಳು ಚಿಗವ್ವ.

ನಮ್ಮ ಬೆನ್ನುಹುರಿಯೂ ಅಂಥ ಕಾವಲುಗಾರ. 1983ರಲ್ಲಿ ಕ್ಲಿಫರ್ಡ್ ವುಲ್ಫ್ ಎಂಬ ವಿಜ್ಞಾನಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದು ಇದನ್ನೇ. ಪೆಟ್ಟಿನ ಸುದ್ದಿ ಜೋರಾಗಿ ಬಂದರೆ ಬೆನ್ನುಹುರಿಯ ನರಕೋಶಗಳೇ ಹುರಿಗೊಂಡು ನಿಲ್ಲುತ್ತವೆ. ಆಮೇಲೆ ಸಣ್ಣ ತಾಗುವಿಕೆಯೂ ಅವಕ್ಕೆ ದೊಡ್ಡ ಪೆಟ್ಟಾಗಿ ಕೇಳಿಸುತ್ತದೆ. ಹೊಲದಲ್ಲಿ ಹಂದಿಯಿಲ್ಲ, ಆದರೂ ಕೂಗು ನಿಜ, ಕಾವಲುಗಾರನ ದಣಿವೂ ನಿಜ. ಅವನನ್ನು ಬೈದರೆ ಇನ್ನಷ್ಟು ಹೆದರುತ್ತಾನೆ. ‘ಇಲ್ಲಿ ಅಪಾಯವಿಲ್ಲ’ ಎಂದು ದಿನವೂ ಒಂದಿಷ್ಟು ಅಭ್ಯಾಸ ಮಾಡಿಸಿದರೆ ನಿಧಾನಕ್ಕೆ ಕಣ್ಣು ಮುಚ್ಚುತ್ತಾನೆ.

ಚಿಗವ್ವ ಎದ್ದು ಎಣ್ಣೆ ಬಟ್ಟಲು ತಂದಳು. ಕೈಗೆ ತಿಕ್ಕಿಕೊಳ್ಳುತ್ತ, “ತಿಕ್ಕಿದ್ರ ಯಾಕ ಹಗುರ ಆಕ್ಕೈತ್ರಿ? ಕಾಲು ಒತ್ತಿದ್ರೂ ಹಂಗ” ಎಂದು ಕೇಳಿದಳು. ಮಗು ಬಿದ್ದಾಗ ಮಂಡಿ ನೀವಿ ಉಫ್ ಅನ್ನುವ ತಾಯಂದಿರೆಲ್ಲರ ಪರವಾಗಿ ಕೇಳಿದಂತಿತ್ತು. ಇದಕ್ಕೆ ಉತ್ತರ 1965ರಲ್ಲಿ ಬಂದಿದೆ. ರೊನಾಲ್ಡ್ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ ಎಂಬಿಬ್ಬರು ಹೇಳಿದ್ದು: ನೋವಿನ ಸುದ್ದಿ ಮಿದುಳಿಗೆ ಹೋಗುವ ದಾರಿಯಲ್ಲಿ, ಬೆನ್ನುಹುರಿಯಲ್ಲಿ, ಒಂದು ಅಗಸೆ ಬಾಗಿಲಿದೆ. ನೀವುವ, ಒತ್ತುವ ಸ್ಪರ್ಶದ ಸುದ್ದಿ ಅದೇ ಬಾಗಿಲಿಗೆ ಬಂದು ನಿಂತರೆ ನೋವಿನ ಸುದ್ದಿಗೆ ದಾರಿ ಕಿರಿದಾಗುತ್ತದೆ. ಮೇಲಿನಿಂದ ಮಿದುಳೂ ಆ ಬಾಗಿಲನ್ನು ಮುಚ್ಚಬಲ್ಲದು, ತೆರೆಯಬಲ್ಲದು. ಚಿಂತೆ, ಹೆದರಿಕೆ, ನಿದ್ದೆಗೇಡು ಬಾಗಿಲು ತೆರೆದಿಡುತ್ತವೆ. ನೆಮ್ಮದಿ, ಮಾತು, ಮೈಮರೆಸುವ ಕೆಲಸ ಮುಚ್ಚುತ್ತವೆ. ಅದಕ್ಕೇ ಸೋಬಾನೆ ಹಾಡುವಾಗ ನೆನಪಿಗೆ ಬಾರದ ಸೊಂಟ, ರಾತ್ರಿ ಒಬ್ಬಳೇ ಮಲಗಿದಾಗ ಹೆಸರು ಹಿಡಿದು ಕರೆಯುತ್ತದೆ.

ಮೆಲ್ಜಾಕ್ ಇನ್ನೊಂದು ಕೆಲಸ ಮಾಡಿದರು. ನೋವು ಎಷ್ಟಿದೆ ಎಂದು ಮಾತ್ರ ಕೇಳದೆ ಎಂಥದು ಎಂದು ಕೇಳಲು, ರೋಗಿಗಳ ಬಾಯಿಂದ ಬರುವ ಮಾತುಗಳನ್ನು ಕೂಡಿಹಾಕಿ 1975ರಲ್ಲಿ ಒಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿ ನೋವಿನ 78 ಮಾತುಗಳಿವೆ, 20 ಗುಂಪುಗಳಲ್ಲಿ. ನಾವಿಬ್ಬರೂ ಬೇಲಿಯ ಮೇಲೆ ಕೈಯಿಟ್ಟು ನಮ್ಮವನ್ನು ಎಣಿಸತೊಡಗಿದೆವು. ತಲೆ ಸಿಡಿಯುತ್ತದೆ. ಹೊಟ್ಟೆ ಕಡಿಯುತ್ತದೆ. ಹಲ್ಲು ಜುಮ್ಮೆನ್ನುತ್ತದೆ. ಮೀನಗಂಡ ಸೆಳೆಯುತ್ತದೆ. ಕುತ್ತಿಗೆ ಹಿಡಿದುಕೊಳ್ಳುತ್ತದೆ. ಬೆನ್ನಲ್ಲಿ ಚಳಕು ಹೊಡೆಯುತ್ತದೆ. ಅಂಗಾಲು ಉರಿಯುತ್ತದೆ. ಕೀವಾದ ಬೆರಳು ತಿವಿಯುತ್ತದೆ. ಕಾಲು ಜೋಮು ಹಿಡಿಯುತ್ತದೆ. “ಕೈಕಾಲು ಹರದು ಬರ್ತಾವ” ಎಂದಳು ಚಿಗವ್ವ, “ಅದನ್ನ ಬಿಟ್ರಿ.” ಹೆರಿಗೆಯ ನೋವಿಗೂ ಬ್ಯಾನಿ, ಕಾಯಿಲೆಗೂ ಬ್ಯಾನಿ ಎನ್ನುವ ಸೀಮೆ ನಮ್ಮದು.

ಡಾಕ್ಟರ ಮುಂದೆ ಕೂತಾಗ ಈ ಮಾತುಗಳನ್ನೆಲ್ಲ ನುಂಗಿ ‘ನೋವ್ರೀ’ ಎಂದಷ್ಟೇ ಹೇಳಿ ಬರುತ್ತೇವೆ. ಹಾಗೆ ಮಾಡಬೇಡಿ. ಉರಿ, ಜೋಮು, ಚಳಕು ಎಂದರೆ ಅವರ ಗಮನ ನರದ ಕಡೆ ಹೋಗುತ್ತದೆ. ಬೆಳಿಗ್ಗೆ ಎದ್ದಾಗ ಒಂದು ಗಂಟೆ ಕೀಲು ಬಿಗಿದಿರುತ್ತದೆ, ಓಡಾಡಿದ ಮೇಲೆ ಸಡಿಲವಾಗುತ್ತದೆ ಎಂದರೆ ಕೀಲಿನ ಉರಿಯೂತದ ಕಡೆ ಹೋಗುತ್ತದೆ. ನಿಮ್ಮ ಮಾತೇ ಅರ್ಧ ತಪಾಸಣೆ.

ಇನ್ನು ಆಕೆಯ ಆ ಎರಡು ಫೋಟೋಗಳ ವಿಷಯ. ಮೊದಲನೆಯದು ಆಕೆಯ ಮಾತನ್ನು ಸುಳ್ಳು ಮಾಡಿತು, ಎರಡನೆಯದು ಆಕೆಯನ್ನು ಮಂಚಕ್ಕೆ ಕಟ್ಟಿತು. ಎಕ್ಸ್‌ರೇ ಎಲುಬನ್ನು ತೋರಿಸುತ್ತದೆ. ಹುರಿಗೊಂಡ ನರವನ್ನು ತೋರಿಸುವುದಿಲ್ಲ. ಅಲ್ಲಿ ಏನೂ ಕಾಣಲಿಲ್ಲ ಎಂದರೆ ಎಲುಬು ಮುರಿದಿಲ್ಲ ಎಂಬಷ್ಟೇ ಅರ್ಥ. ಎಂಆರ್‌ಐಯಲ್ಲಿ ಕಂಡ ಸವೆತದ ಬಗ್ಗೆ 2015ರಲ್ಲಿ ಒಂದು ದೊಡ್ಡ ಪರಿಶೀಲನೆ ಪ್ರಕಟವಾಯಿತು. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನುಗಳ ಲೆಕ್ಕ ಅದು. ಇಪ್ಪತ್ತರ ಹರೆಯದವರಲ್ಲೇ ನೂರಕ್ಕೆ 37 ಜನರ ಡಿಸ್ಕ್ ಸವೆದಿತ್ತು, ಎಂಬತ್ತರವರಲ್ಲಿ ನೂರಕ್ಕೆ 96 ಜನರದು. ಅವರಲ್ಲಿ ಯಾರಿಗೂ ನೋವಿರಲಿಲ್ಲ!

“ನಿಮ್ಮ ಮನಿ ತಲಬಾಗಿಲ ಹೊಸ್ತಿಲು ನಡುವ ಸವದಿಲ್ಲೇನು? ಎಷ್ಟು ತಲಿಮಾರು ತುಳದಾವ! ಅದಕ್ಕ ಮನಿ ಬೀಳ್ತೈತಿ ಅಂತ ಯಾರಾರ ಹೊರಗ ಮಲಗ್ತಾರೇನು?” ಎಂದೆ. ಚಿಗವ್ವ ತಿರುಗಿ ತನ್ನ ಮನೆಯ ಕಡೆ ನೋಡಿದಳು. ಹಿತ್ತಲ ಬಾಗಿಲಿನಿಂದ ತಲಬಾಗಿಲವರೆಗೆ ಆ ಮನೆ ಒಂದೇ ನೇರ. ಬೆಳಕಿನಲ್ಲಿ ಹೊಸ್ತಿಲಿನ ತಗ್ಗು ಇಲ್ಲಿಗೂ ಕಾಣುತ್ತಿತ್ತು.

ನೋವಿಗೆ ಮಲಗುವುದೇ ಮದ್ದು ಎಂಬ ಕಾಲವೊಂದಿತ್ತು. 1986ರಲ್ಲಿ ಅಮೆರಿಕದ ವೈದ್ಯರು ಸೊಂಟನೋವಿನವರಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಲು ಹೇಳಿ ನೋಡಿದರು. ಎರಡು ದಿನ ಮಲಗಿದವರೇ ಬೇಗ ಕೆಲಸಕ್ಕೆ ಮರಳಿದರು. 2024ರಲ್ಲಿ ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು, ಸೊಂಟನೋವು ಬಂದು ಆಗಷ್ಟೇ ಕಡಿಮೆಯಾದ 701 ಜನರ ಮೇಲಿನ ಅಧ್ಯಯನ ಪ್ರಕಟಿಸಿದರು. ಒಂದು ಗುಂಪಿಗೆ ನಡಿಗೆಯನ್ನು ಹಂತಹಂತವಾಗಿ ಹೆಚ್ಚಿಸುತ್ತ, ವಾರಕ್ಕೆ ಐದು ಸಲ ಅರ್ಧ ಗಂಟೆ ನಡೆಯುವಷ್ಟಕ್ಕೆ ತಂದರು. ಜೊತೆಗೆ ನೋವು ಎಂದರೇನು ಎಂದು ತಿಳಿಸಿ ಹೇಳಿದರು. ಇನ್ನೊಂದು ಗುಂಪಿಗೆ ಏನೂ ಹೇಳಲಿಲ್ಲ. ನೋವು ಮರಳಿ ಬರಲು ಹಿಡಿದ ಮಧ್ಯಮ ಅವಧಿ ನಡೆದವರಲ್ಲಿ 208 ದಿನ, ಉಳಿದವರಲ್ಲಿ 112 ದಿನ. ಖರ್ಚು ಒಂದು ಜೊತೆ ಚಪ್ಪಲಿಯದು. ನಮ್ಮ ರಾಜ್ಯದ ಕೆಲಸವೂ ಇದೆ. ಜಿಗಣಿ ಬಳಿಯ ಪ್ರಶಾಂತಿ ಕುಟೀರದಲ್ಲಿ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದವರು ದೀರ್ಘಕಾಲದ ಸೊಂಟನೋವಿನ 80 ಜನರನ್ನು ಒಂದು ವಾರ ಇರಿಸಿಕೊಂಡು, ಅರ್ಧ ಜನರಿಗೆ ಯೋಗ, ಅರ್ಧ ಜನರಿಗೆ ವ್ಯಾಯಾಮ ಮಾಡಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಯೋಗದ ಗುಂಪಿನವರಿಗೆ ದಿನದ ಕೆಲಸಗಳು ಹೆಚ್ಚು ಸಲೀಸಾದವು, ಬೆನ್ನು ಹೆಚ್ಚು ಬಾಗಿತು. ಇನ್ನು ಚಿಗವ್ವ ಸಾವಿರಗಟ್ಟಲೆ ಕೊಟ್ಟು ತಂದ ಸೊಂಟದ ಬೆಲ್ಟು ಗೂಟಕ್ಕೆ ನೇತಾಡುತ್ತಿದೆ. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ, ದೀರ್ಘಕಾಲದ ಸೊಂಟನೋವಿಗೆ ಇಂಥ ಬೆಲ್ಟನ್ನು ವಾಡಿಕೆಯಾಗಿ ಕೊಡಬಾರದು ಎನ್ನುತ್ತದೆ.

“ಮತ್ತ ಗುಳಿಗಿ?” ಎಂದಳು. ನನಗೆ ಹೆಚ್ಚು ಭಯ ಇರುವುದು ಇಲ್ಲಿಯೇ. ಕಳೆ ತೆಗೆಯಲು ಹೋಗುವ ಮುಂಚೆ ಒಂದು, ಬಂದ ಮೇಲೆ ಒಂದು ಎಂದು ಚೀಟಿಯಿಲ್ಲದೆ ನೋವಿನ ಗುಳಿಗೆ ನುಂಗುವ ಹೆಂಗಸರು ಓಣಿಗೆ ಹತ್ತು ಮಂದಿ ಸಿಗುತ್ತಾರೆ. ತಾಳದಿದ್ದಾಗ ಒಂದು ಸೂಜಿ ಮಾಡಿಸಿಕೊಂಡು ಬರುತ್ತಾರೆ. ನಾಲ್ಕು ದಿನ ವೈದ್ಯರ ಮಾತಿನಂತೆ ತೆಗೆದುಕೊಳ್ಳುವುದು ಬೇರೆ. ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತದೊತ್ತಡ, ಮೂತ್ರಪಿಂಡಕ್ಕೆ ಪೆಟ್ಟು. ಆಕಾಶದಲ್ಲಿ ರಣಹದ್ದು ಕಾಣುವುದು ಯಾಕೆ ನಿಂತಿತು ಎಂದು ಚಿಗವ್ವನಿಗೆ ಕೇಳಿದೆ. ನೋವಿನ ಗುಳಿಗೆಯಲ್ಲಿರುವ ಡೈಕ್ಲೊಫೆನಾಕ್ ಔಷಧವನ್ನೇ ದನಗಳಿಗೂ ಕೊಡುತ್ತಿದ್ದರು. ಸತ್ತ ದನದ ಮಾಂಸ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು, ದೇಶದ ಮೂರು ಜಾತಿಯ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಇಲ್ಲವಾದವು. ಕಾರಣ ತಿಳಿದದ್ದು 2004ರಲ್ಲಿ. ದನಗಳಿಗೆ ಅದನ್ನು ಕೊಡುವುದನ್ನು ಸರ್ಕಾರ ನಿಲ್ಲಿಸಿದ್ದು 2006ರಲ್ಲಿ, ನಾವೆಲ್ಲ ಅದೇ ಗುಳಿಗೆಯ ಮೇಲೆ ನಿಂತಿದ್ದ ವರ್ಷ. ಮನುಷ್ಯರ ಮೈ ಹದ್ದಿನ ಮೈಯಂತಲ್ಲ, ಹೆದರಿಸಲು ಹೇಳುತ್ತಿಲ್ಲ. ಆದರೆ ಮೂತ್ರಪಿಂಡ ನಮಗೂ ಇರುವುದು ಎರಡೇ.

ನೀರಿನ ಮಾತೂ ಬಂತು. ಕೂಡ್ಲಿಗಿ, ಹರಪನಹಳ್ಳಿ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೂ 1.5 ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಕೀಲು, ಬೆನ್ನು ಬಿಗಿದು ನೋಯುತ್ತವೆ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಹಾಗಾಗಿ ಓಣಿಯಲ್ಲಿ ಹಲವರಿಗೆ ಒಟ್ಟಿಗೆ ಮೈ ಬಿಗಿಯುತ್ತಿದ್ದರೆ ನೀರು ಪರೀಕ್ಷೆ ಮಾಡಿಸಿ, ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಪಂಚಾಯಿತಿಯನ್ನು ಬಿಡದೆ ಕೇಳಿ.

ಕೆಲವು ಸೊಂಟನೋವಿಗೆ ಕಾಯಬಾರದು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೂತ್ರ, ಮಲದ ಹಿಡಿತ ತಪ್ಪಿದರೆ, ಕೂರುವ ಜಾಗ ಮರಗಟ್ಟಿದರೆ, ಕಾಲಲ್ಲಿ ಶಕ್ತಿ ಕುಂದುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರ ಸೇರಿದರೆ, ಕಾರಣವಿಲ್ಲದೆ ತೂಕ ಇಳಿದರೆ, ಬಿದ್ದ ಮೇಲೆ ಶುರುವಾದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ತಡಮಾಡದೆ ತೋರಿಸಿ.

ಹೊತ್ತು ನೆತ್ತಿಗೇರಿತ್ತು. ಚಿಗವ್ವ ಸೆರಗಿನಿಂದ ಮುಖ ಒರೆಸಿಕೊಂಡು, “ಈ ವರ್ಷಾನೂ ಕೊಟ್ಟೂರು ತೇರಿಗೆ ನಡಕೊಂಡು ಹೋಗಾಕ ಆಗಲಿಲ್ರಿ. ಮೊದಲ ಎಲ್ರಗಿಂತ ಮುಂದ ಇರ್ತಿದ್ದೆ” ಎಂದಳು. ಆಕೆಯ ಧ್ವನಿ ಇಳಿದದ್ದು ಅವತ್ತು ಆಗ ಮಾತ್ರ. ನೋವು ಮೊದಲು ಸೊಂಟವನ್ನು ಹಿಡಿಯುತ್ತದೆ, ಆಮೇಲೆ ಜಾತ್ರೆ, ಮದುವೆ, ನೆಂಟರ ಮನೆಗಳನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತದೆ. ಲೋಕದಲ್ಲಿ ಸೊಂಟನೋವಿನವರ ಸಂಖ್ಯೆ 2020ರಲ್ಲಿ 61.9 ಕೋಟಿ ಎಂದು ಲೆಕ್ಕ ಹಾಕಿದ್ದಾರೆ. ಅವರಲ್ಲಿ ಹೆಂಗಸರೇ ಹೆಚ್ಚು. ಅಷ್ಟು ಕೋಟಿ ಜನ ಇಂಥ ಏನೇನನ್ನು ಬಿಟ್ಟುಕೊಟ್ಟಿದ್ದಾರೋ, ಅದನ್ನು ಬರೆದಿಡಲು ಯಾವ ಪಟ್ಟಿಯಲ್ಲೂ ಅಂಕಣವಿಲ್ಲ.

ಆಕೆಗೆ ಕೊನೆಗೆ ಒಬ್ಬ ಪೈಲ್ವಾನನ ಕಥೆ ಹೇಳಿದೆ. ಜಾನ್ ಬೊನಿಕಾ ಇಟಲಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಕುಸ್ತಿ ಆಡಿ ಗಳಿಸಿದ ದುಡ್ಡಿನಿಂದ ವೈದ್ಯಕೀಯ ಓದಿದರು. ಅಖಾಡದ ಪೆಟ್ಟುಗಳು ಮುಂದೆ ಬದುಕಿಡೀ ನೋವಾಗಿ ಉಳಿದವು. ತಾವೇ ನೋಯುತ್ತಿದ್ದ ಆ ವೈದ್ಯರು 1953ರಲ್ಲಿ ನೋವಿನ ಚಿಕಿತ್ಸೆಯ ದೊಡ್ಡ ಗ್ರಂಥ ಬರೆದರು, 1970ರ ದಶಕದಲ್ಲಿ ನೋವಿನ ಅಧ್ಯಯನಕ್ಕೆ ಅಂತರರಾಷ್ಟ್ರೀಯ ಸಂಘ ಕಟ್ಟಿದರು. ಆ ಸಂಘ ನೋವು ಎಂದರೇನು ಎಂದು 1979ರಲ್ಲಿ ಹೇಳಿ, 2020ರಲ್ಲಿ ಮತ್ತೆ ತಿದ್ದಿತು. ತಿದ್ದಿದಾಗ ಜೊತೆಗಿಟ್ಟ ಟಿಪ್ಪಣಿಗಳಲ್ಲಿ ಒಂದು ಇದು: ಒಬ್ಬರು ನೋವಾಗುತ್ತಿದೆ ಎಂದರೆ ಆ ಮಾತನ್ನು ಗೌರವಿಸಬೇಕು.

“ಅಷ್ಟು ದೊಡ್ಡವರು ಹಂಗಂದಾರಾ?” ಎಂದಳು ಚಿಗವ್ವ. ಹೌದು ಎಂದೆ. ಅಷ್ಟರಲ್ಲಿ ಊಟಕ್ಕೆ ಕರೆಯಲು ಬಂದ ಸೊಸೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದಳು. ಬಂದು ಗೋಣಿತಾಟಿನ ಮೇಲೆ ಕೂತು, “ಅತ್ತಿ, ನೀವು ಏಳ್ರಿ. ಉಳಿದಿದ್ದು ನಾ ಮುರಿತೀನಿ” ಎಂದಳು. ನಡುವೆ ಒಮ್ಮೆ ತಲೆಯೆತ್ತಿ, “ಅತ್ತಿ, ನಿಮಗ ಉರಿತೈತೋ ಸೆಳಿತೈತೋ?” ಎಂದು ಕೇಳಿದಳು. ಆ ಮನೆಯಲ್ಲಿ ಆ ಪ್ರಶ್ನೆ ಅದೇ ಮೊದಲು.

ಮರುದಿನದಿಂದ ನಾವಿಬ್ಬರೂ ಬೆಳಿಗ್ಗೆ ನಡೆಯುತ್ತಿದ್ದೇವೆ. ಮೊದಲ ವಾರ ಓಣಿಯ ಕೊನೆಯವರೆಗೆ ಮಾತ್ರ. ಈಗ ಚಾಲುಕ್ಯರ ಕಾಲದ ನಮ್ಮ ಭೀಮೇಶ್ವರನ ಗುಡಿಯವರೆಗೆ ಹೋಗಿ, ಕಟ್ಟೆಯ ಮೇಲೆ ಸ್ವಲ್ಪ ಕೂತು ಬರುತ್ತೇವೆ. ಚಿಗವ್ವನ ಸೊಂಟ ಇನ್ನೂ ನೋಯುತ್ತದೆ. ಕೆಲವು ದಿನ ಹೆಚ್ಚು, ಕೆಲವು ದಿನ ಕಡಿಮೆ. ಹೆಚ್ಚಾದ ದಿನ ಅರ್ಧ ದಾರಿಗೆ ತಿರುಗುತ್ತೇವೆ, ನಡಿಗೆಯನ್ನು ಮಾತ್ರ ಬಿಡುವುದಿಲ್ಲ.

ಓದುವ ನಿಮ್ಮಲ್ಲಿ ನನ್ನದೊಂದೇ ಕೇಳಿಕೆ. ಮನೆಯಲ್ಲಿ ಅವ್ವನೋ ಅತ್ತೆಯೋ ದುಡಿದು ಬಂದ ತಮ್ಮನೋ ‘ನೋಯ್ತೈತಿ’ ಎಂದರೆ, ಫೋಟೋದಲ್ಲಿ ಏನು ಬಂತು ಎಂದು ಮೊದಲು ಕೇಳಬೇಡಿ. ಎಲ್ಲಿ, ಹೇಗೆ, ಎಂದಿನಿಂದ ಎಂದು ಕೇಳಿ. ನಂಬಿ. ಆಮೇಲೆ ಕೈ ಹಿಡಿದು ಓಣಿಯ ಕೊನೆಯವರೆಗೆ ಜೊತೆಗೆ ನಡೆಯಿರಿ.